ದೈಹಿಕ ಶಿಕ್ಷಣ ಹಾಗೂ ಕ್ರೀಡಾ ತರಬೇತಿಯಲ್ಲಿ ವಿಶ್ವವಿದ್ಯಾಲಯ ವ್ಯಾಸಂಗ – ಅಭ್ಯರ್ಥಿಗಳು ತಿಳಿದಿರಬೇಕಾದ ವಿಷಯಗಳು

ಕ್ರೀಡಾಕ್ಷೇತ್ರದಲ್ಲಿ ಜೀವನೋಪಾಯ ಕಂಡುಕೊಳ್ಳಲು ಬಯಸುವ ವಿದ್ಯಾರ್ಥಿಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಶಾಲಾ ಹಾಗೂ ಕಾಲೇಜು ಮಟ್ಟದಲ್ಲಿ ಉತ್ತಮ ಸಾಧನೆ ತೋರಿದ ಯುವಕ ಯುವತಿಯರು ಪದವಿಯ ಹಂತದಲ್ಲಿ ಯಾವ ವ್ಯಾಸಂಗಕ್ರಮವನ್ನು ಆಯ್ದುಕೊಳ್ಳಬೇಕು ಎಂಬ ಪ್ರಶ್ನೆ ಬಂದಾಗ, ಹೆಸರುಗಳ ಸಾಮ್ಯದಿಂದಾಗಿ ಗೊಂದಲಕ್ಕೆ ಒಳಗಾಗುವುದುಂಟು. ದೈಹಿಕ ಶಿಕ್ಷಣ, ಕ್ರೀಡಾ ತರಬೇತಿ, ಕ್ರೀಡಾ ವಿಜ್ಞಾನ, ಕ್ರೀಡಾ ಭೌತಚಿಕಿತ್ಸೆ ಇವೆಲ್ಲವೂ ಮೈದಾನಕ್ಕೆ ಸಂಬಂಧಿಸಿದವುಗಳೇ ಆದರೂ, ಒಂದರ ಪ್ರಮಾಣಪತ್ರವು ಇನ್ನೊಂದರ ಹುದ್ದೆಗೆ ಅರ್ಹತೆಯನ್ನು ಒದಗಿಸುವುದಿಲ್ಲ. ಶುಲ್ಕ ಭರಿಸಿ, ಎರಡು ಮೂರು ವರ್ಷ ವ್ಯಾಸಂಗ ಪೂರೈಸಿದ ಬಳಿಕ, ನೇಮಕಾತಿಯ ದಾಖಲೆ ಪರಿಶೀಲನೆಯ ಹಂತದಲ್ಲಿ ಪದವಿಯು ನಿಗದಿತ ವಿದ್ಯಾರ್ಹತೆಯಲ್ಲವೆಂದು ತಿಳಿದುಬಂದರೆ ಅಭ್ಯರ್ಥಿಗೆ ಆಗುವ ನಷ್ಟವನ್ನು ತುಂಬಿಕೊಡಲು ಯಾವುದೇ ಕಚೇರಿಗೂ ಸಾಧ್ಯವಾಗುವುದಿಲ್ಲ. ಆದ್ದರಿಂದ ಅರ್ಜಿ ಸಲ್ಲಿಸುವ ಮೊದಲೇ ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

1. ಮೂರು ಬೇರೆ ಬೇರೆ ವೃತ್ತಿಗಳು

ಮೈದಾನದಲ್ಲಿ ಕ್ರೀಡಾಪಟುವಿನೊಡನೆ ಕೆಲಸ ಮಾಡುವವರನ್ನು ಸ್ಥೂಲವಾಗಿ ಮೂರು ವರ್ಗಗಳಾಗಿ ವಿಂಗಡಿಸಬಹುದು.

(ಅ) ದೈಹಿಕ ಶಿಕ್ಷಣ ಶಿಕ್ಷಕರು: ಇವರು ಶಾಲೆಯ ಎಲ್ಲ ಮಕ್ಕಳಿಗೂ ವ್ಯಾಯಾಮ, ಆಟೋಟ, ಆರೋಗ್ಯದ ಅಭ್ಯಾಸಗಳನ್ನು ಕಲಿಸುವವರು. ಇದು ಮೂಲತಃ ಶಿಕ್ಷಕ ವೃತ್ತಿ. ಆದ್ದರಿಂದ ಇದಕ್ಕೆ ಶಿಕ್ಷಕ ಶಿಕ್ಷಣದ ನಿಯಮಗಳು ಅನ್ವಯಿಸುತ್ತವೆ.

(ಆ) ಕ್ರೀಡಾ ತರಬೇತುದಾರರು: ಇವರು ಒಂದು ನಿರ್ದಿಷ್ಟ ಕ್ರೀಡೆಯಲ್ಲಿ, ಆಯ್ದ ಕ್ರೀಡಾಪಟುಗಳನ್ನು ಸ್ಪರ್ಧೆಗೆ ಸಿದ್ಧಗೊಳಿಸುವವರು. ಅಥ್ಲೆಟಿಕ್ಸ್, ಹಾಕಿ, ವಾಲಿಬಾಲ್ ಮುಂತಾಗಿ ಪ್ರತಿಯೊಂದು ಕ್ರೀಡೆಗೂ ಪ್ರತ್ಯೇಕ ತರಬೇತಿ ಅರ್ಹತೆ ಇರುತ್ತದೆ.

(ಇ) ಕ್ರೀಡಾ ಆರೋಗ್ಯ ಸಿಬ್ಬಂದಿ: ಗಾಯವಾಗದಂತೆ ತಡೆಯುವುದು, ಗಾಯವಾದಾಗ ಚಿಕಿತ್ಸೆ ನೀಡುವುದು, ಚೇತರಿಸಿಕೊಂಡ ಕ್ರೀಡಾಪಟುವನ್ನು ಮತ್ತೆ ಮೈದಾನಕ್ಕೆ ಕಳುಹಿಸುವುದು ಇವರ ಕರ್ತವ್ಯ. ಭಾರತದಲ್ಲಿ ಈ ಕಾರ್ಯವನ್ನು ಮುಖ್ಯವಾಗಿ ಕ್ರೀಡಾ ವೈದ್ಯರು ಹಾಗೂ ಭೌತಚಿಕಿತ್ಸಕರು ನಿರ್ವಹಿಸುತ್ತಾರೆ.

ಅಭ್ಯರ್ಥಿಯು ಈ ಮೂರರಲ್ಲಿ ತಾನು ಯಾವ ವೃತ್ತಿಯನ್ನು ಕೈಗೊಳ್ಳಬೇಕೆಂದು ಮೊದಲು ನಿರ್ಧರಿಸಿ, ನಂತರ ವ್ಯಾಸಂಗಕ್ರಮವನ್ನು ಆಯ್ದುಕೊಳ್ಳುವುದು ಸೂಕ್ತ.

2. ವ್ಯಾಸಂಗಕ್ರಮಗಳ ವಿವರ

ಡಿ.ಪಿ.ಎಡ್.: ದ್ವಿತೀಯ ಪಿ.ಯು.ಸಿ. ಅಥವಾ ತತ್ಸಮಾನ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಎರಡು ವರ್ಷಗಳ ಡಿಪ್ಲೊಮಾ. ಪ್ರಾಥಮಿಕ ಹಂತದ ದೈಹಿಕ ಶಿಕ್ಷಣ ಬೋಧನೆಗೆ ಸಂಬಂಧಿಸಿದ್ದು.

ಬಿ.ಪಿ.ಇ.ಎಸ್.: ಪಿ.ಯು.ಸಿ. ನಂತರದ ಮೂರು ವರ್ಷಗಳ ಸ್ನಾತಕ ಪದವಿ. ಇದು ದೈಹಿಕ ಶಿಕ್ಷಣ ಮತ್ತು ಕ್ರೀಡೆಯನ್ನು ವಿಷಯವನ್ನಾಗಿ ಅಭ್ಯಸಿಸುವ ಪದವಿಯೇ ಹೊರತು, ತಾನೇ ಶಿಕ್ಷಕ ತರಬೇತಿ ಪದವಿಯಲ್ಲ.

ಬಿ.ಪಿ.ಎಡ್.: ಯಾವುದೇ ಪದವಿಯ ನಂತರ ಎರಡು ವರ್ಷ, ಅಂದರೆ ನಾಲ್ಕು ಸೆಮಿಸ್ಟರ್‌ಗಳ ವೃತ್ತಿಪರ ಪದವಿ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ, ಅಂದರೆ ಎನ್.ಸಿ.ಟಿ.ಇ.ಯ, 2014ರ ನಿಯಮಾವಳಿಗೆ ಮೊದಲು ಇದು ಒಂದು ವರ್ಷದ್ದಾಗಿತ್ತು. ಹಿಂದಿನ ಅವಧಿಯಲ್ಲಿ ವ್ಯಾಸಂಗ ಮಾಡಿದವರ ಅಂಕಪಟ್ಟಿಯಲ್ಲಿ ಒಂದೇ ವರ್ಷ ನಮೂದಾಗಿರುವುದು ಈ ಕಾರಣದಿಂದ.

ಎಂ.ಪಿ.ಎಡ್.: ಬಿ.ಪಿ.ಎಡ್. ಅಥವಾ ತತ್ಸಮಾನ ಪದವಿಯ ನಂತರ ಎರಡು ವರ್ಷಗಳ ಸ್ನಾತಕೋತ್ತರ ಪದವಿ.

ಕ್ರೀಡಾ ತರಬೇತಿ ಡಿಪ್ಲೊಮಾ: ಪಟಿಯಾಲಾದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಯು ನೀಡುವ, ಜನಸಾಮಾನ್ಯರಲ್ಲಿ ‘ಎನ್.ಐ.ಎಸ್.’ ಎಂದೇ ಪ್ರಸಿದ್ಧವಾಗಿರುವ ಡಿಪ್ಲೊಮಾ. ಈ ಸಂಸ್ಥೆಯು 1961ರಲ್ಲಿ ಪಟಿಯಾಲಾ ಮಹಾರಾಜರ ಮೋತಿಬಾಗ್ ಅರಮನೆಯಲ್ಲಿ ಆರಂಭಗೊಂಡು, 1973ರಲ್ಲಿ ನೇತಾಜಿಯವರ ಹೆಸರನ್ನು ಪಡೆಯಿತು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದಲ್ಲಿ ವಿಲೀನಗೊಂಡಿತು. ಪ್ರಾಧಿಕಾರದ ದಕ್ಷಿಣ ಕೇಂದ್ರವು ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿದೆ. ಅಲ್ಪಾವಧಿಯ ಆರು ವಾರಗಳ ಪ್ರಮಾಣಪತ್ರ ಶಿಬಿರವೂ ಇದ್ದು, ಅದನ್ನು ಪೂರ್ಣಾವಧಿ ಡಿಪ್ಲೊಮಾಗೆ ಸಮನೆಂದು ಭಾವಿಸತಕ್ಕದ್ದಲ್ಲ.

ಕ್ರೀಡಾ ತರಬೇತಿ ಪದವಿ: ಮಣಿಪುರದ ಇಂಫಾಲದಲ್ಲಿ 2018ರ ಅಧಿನಿಯಮದ ಮೂಲಕ ಸ್ಥಾಪಿತವಾದ ರಾಷ್ಟ್ರೀಯ ಕ್ರೀಡಾ ವಿಶ್ವವಿದ್ಯಾಲಯವು ಕ್ರೀಡಾ ತರಬೇತಿಯನ್ನೇ ವಿಷಯವನ್ನಾಗಿಸಿಕೊಂಡ ನಾಲ್ಕು ವರ್ಷಗಳ ಬಿ.ಎಸ್‌ಸಿ. ಪದವಿಯನ್ನು ನೀಡುತ್ತದೆ.

ದೈಹಿಕ ಶಿಕ್ಷಣದ ವ್ಯಾಸಂಗಕ್ಕೆ ದೇಶದಲ್ಲಿ ದೀರ್ಘ ಇತಿಹಾಸವಿದೆ. ಮದರಾಸಿನ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು 1920ರಲ್ಲಿ ಹ್ಯಾರಿ ಕ್ರೋ ಬಕ್ ಅವರು ಆರಂಭಿಸಿದರು. ಪ್ರಥಮ ಸ್ವಾತಂತ್ರ್ಯ ಸಂಗ್ರಾಮದ ಶತಮಾನೋತ್ಸವದ ವರ್ಷವಾದ 1957ರಲ್ಲಿ ಗ್ವಾಲಿಯರ್‌ನಲ್ಲಿ ರಾಣಿ ಲಕ್ಷ್ಮೀಬಾಯಿಯ ಹೆಸರಿನ ಕಾಲೇಜು ಸ್ಥಾಪನೆಯಾಗಿ, 1995ರಲ್ಲಿ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನ ಪಡೆಯಿತು. ಕರ್ನಾಟಕದಲ್ಲಿ ಬೆಂಗಳೂರು, ಮೈಸೂರು, ಕುವೆಂಪು ಮೊದಲಾದ ವಿಶ್ವವಿದ್ಯಾಲಯಗಳಲ್ಲಿ ದೈಹಿಕ ಶಿಕ್ಷಣದ ವ್ಯಾಸಂಗಕ್ಕೆ ಅವಕಾಶವಿದೆ.

3. ಮಾನ್ಯತೆ – ಅತಿ ಮುಖ್ಯವಾದ ಅಂಶ

ಡಿ.ಪಿ.ಎಡ್., ಬಿ.ಪಿ.ಎಡ್. ಹಾಗೂ ಎಂ.ಪಿ.ಎಡ್. ವ್ಯಾಸಂಗಗಳು 1993ರ ಅಧಿನಿಯಮದನ್ವಯ ಎನ್.ಸಿ.ಟಿ.ಇ. ವ್ಯಾಪ್ತಿಗೆ ಒಳಪಟ್ಟಿವೆ. ಇವುಗಳನ್ನು ನಡೆಸುವ ಸಂಸ್ಥೆಯು ಪರಿಷತ್ತಿನಿಂದ ಮಾನ್ಯತೆ ಪಡೆದಿರಬೇಕು. ವಿಶ್ವವಿದ್ಯಾಲಯದ ಸಂಯೋಜನೆಯೊಂದೇ ಸಾಲದು. ಮಾನ್ಯತೆ ಇಲ್ಲದೆ ಅಥವಾ ಮಾನ್ಯತೆ ರದ್ದಾದ ಬಳಿಕ ನಡೆಸಿದ ವ್ಯಾಸಂಗದಿಂದ ಪಡೆದ ಅರ್ಹತೆಯು ಸರ್ಕಾರಿ, ವಿಶ್ವವಿದ್ಯಾಲಯದ ಹಾಗೂ ಅನುದಾನಿತ ಸಂಸ್ಥೆಗಳ ಉದ್ಯೋಗಕ್ಕೆ ಸಿಂಧುವಾಗುವುದಿಲ್ಲವೆಂದು ಸದರಿ ಅಧಿನಿಯಮದ 17(4)ನೇ ಪ್ರಕರಣವು ತಿಳಿಸುತ್ತದೆ.

ಮಾನ್ಯತೆಯ ಬಗ್ಗೆ ಅಭ್ಯರ್ಥಿಗಳು ಗಮನಿಸಬೇಕಾದ ಮೂರು ಸಂಗತಿಗಳಿವೆ.

• ಮಾನ್ಯತೆಯನ್ನು ಸಂಸ್ಥೆಗೆ ಇಡಿಯಾಗಿ ನೀಡದೆ, ಪ್ರತಿಯೊಂದು ವ್ಯಾಸಂಗಕ್ರಮಕ್ಕೂ ಪ್ರತ್ಯೇಕವಾಗಿ ನೀಡಲಾಗುತ್ತದೆ. ಬಿ.ಎಡ್.ಗೆ ಮಾನ್ಯತೆ ಇರುವ ಕಾಲೇಜಿಗೆ ಬಿ.ಪಿ.ಎಡ್. ಮಾನ್ಯತೆಯೂ ಇದೆ ಎಂದು ಊಹಿಸಿಕೊಳ್ಳಬಾರದು.

• ಮಾನ್ಯತಾ ಆದೇಶದಲ್ಲಿ ಪ್ರವೇಶ ಮಿತಿಯನ್ನು ನಮೂದಿಸಲಾಗಿರುತ್ತದೆ. ಮಿತಿಯನ್ನು ಮೀರಿ ಸೇರಿಸಿಕೊಳ್ಳುವುದಾಗಿ ಭರವಸೆ ನೀಡುವವರ ಮಾತನ್ನು ನಂಬಿ ಶುಲ್ಕ ಪಾವತಿಸಬಾರದು.

• ಪದವಿ ನೀಡುವ ಅಧಿಕಾರವು 1956ರ ಯು.ಜಿ.ಸಿ. ಅಧಿನಿಯಮದ 22ನೇ ಪ್ರಕರಣದನ್ವಯ ವಿಶ್ವವಿದ್ಯಾಲಯಗಳಿಗೆ ಹಾಗೂ ಕಾನೂನಿನ ಮೂಲಕ ಅಧಿಕಾರ ಪಡೆದ ಸಂಸ್ಥೆಗಳಿಗೆ ಮಾತ್ರ ಇದೆ. ಯು.ಜಿ.ಸಿ.ಯು ಪ್ರಕಟಿಸುವ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಒಮ್ಮೆ ನೋಡಿಕೊಳ್ಳುವುದು ಒಳಿತು.

ದೂರಶಿಕ್ಷಣದ ಮೂಲಕ ಕ್ರೀಡಾ ಪದವಿ ಕೊಡಿಸುವುದಾಗಿ ಹೇಳುವ ಜಾಹೀರಾತುಗಳ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. ಯು.ಜಿ.ಸಿ.ಯ 2020ರ ಮುಕ್ತ ಮತ್ತು ದೂರಶಿಕ್ಷಣ ನಿಯಮಾವಳಿಯಲ್ಲಿ ದೂರಶಿಕ್ಷಣಕ್ಕೆ ಅವಕಾಶವಿಲ್ಲದ ವಿಷಯಗಳ ಪೈಕಿ ಭೌತಚಿಕಿತ್ಸೆ ಹಾಗೂ ಕ್ರೀಡೆಯೂ ಸೇರಿವೆ. ಮೈದಾನಕ್ಕೆ ಇಳಿಯದೆ ಕಲಿಯಲಾಗದ ವಿದ್ಯೆಯನ್ನು ಅಂಚೆಯ ಮೂಲಕ ಕಲಿಸಲಾಗದು ಎಂಬುದು ಸಾಮಾನ್ಯ ತಿಳಿವಳಿಕೆಗೂ ಒಪ್ಪುವ ಮಾತು.

4. ಬಿ.ಪಿ.ಎಡ್. ಪ್ರವೇಶಕ್ಕೆ ಅರ್ಹತೆ

ಎನ್.ಸಿ.ಟಿ.ಇ.ಯ 2014ರ ನಿಯಮಾವಳಿಯ ಪ್ರಕಾರ ಅಂಕಗಳ ಜೊತೆಗೆ ಕ್ರೀಡಾ ಭಾಗವಹಿಸುವಿಕೆಯನ್ನೂ ಪರಿಗಣಿಸಲಾಗುತ್ತದೆ. ಮುಖ್ಯ ಮಾರ್ಗಗಳು ಈ ಕೆಳಕಂಡಂತಿವೆ.

• ಯಾವುದೇ ಪದವಿಯಲ್ಲಿ ಶೇ. 50 ಅಂಕ, ಹಾಗೂ ಕನಿಷ್ಠ ಅಂತರ ಕಾಲೇಜು, ಅಂತರ ವಲಯ, ಜಿಲ್ಲಾ ಅಥವಾ ಶಾಲಾ ಮಟ್ಟದ ಮಾನ್ಯ ಸ್ಪರ್ಧೆಯಲ್ಲಿ ಭಾಗವಹಿಸಿರುವುದು.

• ದೈಹಿಕ ಶಿಕ್ಷಣದಲ್ಲಿಯೇ ಸ್ನಾತಕ ಪದವಿ ಪಡೆದಿದ್ದಲ್ಲಿ ಶೇ. 45 ಅಂಕ.

• ಪದವಿಯಲ್ಲಿ ದೈಹಿಕ ಶಿಕ್ಷಣವನ್ನು ಕಡ್ಡಾಯ ಅಥವಾ ಐಚ್ಛಿಕ ವಿಷಯವಾಗಿ ಅಭ್ಯಸಿಸಿದ್ದಲ್ಲಿ ಶೇ. 45 ಅಂಕ.

• ರಾಷ್ಟ್ರೀಯ, ಅಂತರ ವಿಶ್ವವಿದ್ಯಾಲಯ ಅಥವಾ ರಾಜ್ಯಮಟ್ಟದಲ್ಲಿ ಭಾಗವಹಿಸಿದವರಿಗೆ ಶೇ. 45 ಅಂಕ.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಇತರ ವರ್ಗದವರಿಗೆ ಸರ್ಕಾರದ ನಿಯಮಾನುಸಾರ ಮೀಸಲಾತಿ ಮತ್ತು ರಿಯಾಯಿತಿ ದೊರೆಯುತ್ತದೆ. ವಾಣಿಜ್ಯ, ಕಲೆ, ವಿಜ್ಞಾನ ಯಾವುದೇ ವಿಭಾಗದ ಪದವೀಧರರೂ ಅರ್ಜಿ ಸಲ್ಲಿಸಬಹುದೆಂಬುದನ್ನು ಗಮನಿಸತಕ್ಕದ್ದು. ಅರ್ಹತಾ ಅಂಕಗಳಲ್ಲದೆ, ವಿಶ್ವವಿದ್ಯಾಲಯಗಳು ದೈಹಿಕ ದಕ್ಷತಾ ಪರೀಕ್ಷೆ ಹಾಗೂ ಕ್ರೀಡಾ ಕೌಶಲ ಪರೀಕ್ಷೆಯನ್ನೂ ನಡೆಸಬಹುದು. ಪ್ರವೇಶದ ದಿನಾಂಕ, ಶುಲ್ಕ ಹಾಗೂ ಪರೀಕ್ಷೆಯ ಸ್ವರೂಪವನ್ನು ಆಯಾ ವರ್ಷದ ಅಧಿಸೂಚನೆಯಲ್ಲಿ ನೋಡಿಕೊಳ್ಳಬೇಕು.

5. ವ್ಯಾಸಂಗದಲ್ಲಿ ಕಲಿಸುವ ವಿಷಯಗಳು

ಕ್ರೀಡಾ ಪದವಿಯೆಂದರೆ ಬೆಳಗಿನಿಂದ ಸಂಜೆಯವರೆಗೆ ಆಟವಾಡುವುದೆಂಬ ತಪ್ಪು ಕಲ್ಪನೆ ಕೆಲವರಲ್ಲಿದೆ. ವಾಸ್ತವದಲ್ಲಿ ಮೈದಾನದಷ್ಟೇ ಸಮಯವನ್ನು ತರಗತಿಗೂ ನೀಡಬೇಕಾಗುತ್ತದೆ. ಅಂಗರಚನೆ, ಶರೀರಕ್ರಿಯೆ, ಚಲನಶಾಸ್ತ್ರ, ಕ್ರೀಡಾ ಮನೋವಿಜ್ಞಾನ, ಪರೀಕ್ಷೆ ಮತ್ತು ಮಾಪನ, ಆಡಳಿತ, ಬೋಧನಾ ಅಭ್ಯಾಸ ಇವೆಲ್ಲವೂ ಪಠ್ಯಕ್ರಮದ ಭಾಗಗಳು. ಕೆಲವು ಉದಾಹರಣೆಗಳಿಂದ ಇದರ ಸ್ವರೂಪ ಸ್ಪಷ್ಟವಾದೀತು.

ಮೈದಾನ ಗುರುತಿಸುವುದು: 400 ಮೀಟರ್ ಓಟದ ಪಥವನ್ನು ಸುಣ್ಣದ ಗೆರೆಗಳಿಂದ ಸ್ವತಃ ಗುರುತಿಸಲು ವಿದ್ಯಾರ್ಥಿಯು ಕಲಿಯುತ್ತಾನೆ. ಪ್ರಮಾಣಿತ ಪಥದಲ್ಲಿ ಎರಡು ನೇರ ಭಾಗಗಳು ತಲಾ 84.39 ಮೀಟರ್ ಉದ್ದವಿದ್ದು, ಒಳ ಅಂಚಿನ ತ್ರಿಜ್ಯ 36.50 ಮೀಟರ್ ಇರುತ್ತದೆ. ಮೊದಲನೆಯ ಲೇನಿನ ದೂರವನ್ನು ಒಳ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು, ಉಳಿದ ಲೇನುಗಳ ದೂರವನ್ನು ಒಳಗೆರೆಯಿಂದ 20 ಸೆಂಟಿಮೀಟರ್ ಬಿಟ್ಟು ಅಳೆಯಲಾಗುತ್ತದೆ. ಲೇನಿನ ಅಗಲ 1.22 ಮೀಟರ್. ಹೊರಗಿನ ಲೇನಿನ ಓಟಗಾರನು ತಿರುವಿನಲ್ಲಿ ಹೆಚ್ಚು ದೂರ ಓಡಬೇಕಾಗುವುದರಿಂದ, ಒಂದು ಪೂರ್ಣ ಸುತ್ತಿನ ಓಟದಲ್ಲಿ ಎರಡನೆಯ ಲೇನಿನವನನ್ನು 7.04 ಮೀಟರ್ ಮುಂದೆ ನಿಲ್ಲಿಸಬೇಕು. ಆನಂತರದ ಪ್ರತಿಯೊಂದು ಲೇನಿಗೂ ಸುಮಾರು 7.67 ಮೀಟರ್ ಸೇರಿಸುತ್ತಾ ಹೋಗಬೇಕು. ಈ ಲೆಕ್ಕ ತಪ್ಪಿದರೆ ತಾಲ್ಲೂಕು ಕ್ರೀಡಾಕೂಟದ ಓಟವೊಂದರಲ್ಲಿ ಅರ್ಹ ಮಗುವಿಗೆ ಅನ್ಯಾಯವಾಗುತ್ತದೆ.

ವಯಸ್ಸಿಗೆ ತಕ್ಕ ಸಾಧನ: ಗುಂಡು ಎಸೆತದಲ್ಲಿ ಪುರುಷರಿಗೆ 7.26 ಕಿಲೋಗ್ರಾಂ, ಮಹಿಳೆಯರಿಗೆ 4 ಕಿಲೋಗ್ರಾಂ ತೂಕದ ಗುಂಡನ್ನು ಬಳಸಲಾಗುತ್ತದೆ. 18 ವರ್ಷದೊಳಗಿನ ಬಾಲಕರಿಗೆ 5 ಕಿಲೋಗ್ರಾಂ, ಬಾಲಕಿಯರಿಗೆ 3 ಕಿಲೋಗ್ರಾಂ. ಬೆಳೆಯುವ ಮೂಳೆ ಹಾಗೂ ಕೀಲುಗಳ ಮೇಲೆ ವಯಸ್ಕರ ಭಾರವನ್ನು ಹೇರಬಾರದೆಂಬುದು ಇದರ ಹಿಂದಿನ ತತ್ತ್ವ.

ತರಬೇತಿಯ ಯೋಜನೆ: ದೇಹವು ಶ್ರಮದಿಂದ ದಣಿದು, ವಿಶ್ರಾಂತಿಯಲ್ಲಿ ಚೇತರಿಸಿಕೊಳ್ಳುವಾಗ ಮೊದಲಿಗಿಂತ ತುಸು ಹೆಚ್ಚಿನ ಸಾಮರ್ಥ್ಯ ಗಳಿಸುತ್ತದೆ. ಆದ್ದರಿಂದ ಭಾರವನ್ನು ಕ್ರಮೇಣ ಹೆಚ್ಚಿಸುವುದು ಎಷ್ಟು ಮುಖ್ಯವೋ ವಿಶ್ರಾಂತಿಯೂ ಅಷ್ಟೇ ಮುಖ್ಯ. ಹತ್ತು ಸೆಕೆಂಡುಗಳ ಆಸುಪಾಸಿನ ರಭಸದ ಓಟಕ್ಕೆ ಸ್ನಾಯುಗಳಲ್ಲಿ ಮೊದಲೇ ಸಂಗ್ರಹವಾಗಿರುವ ಶಕ್ತಿಯು ಮುಖ್ಯ ಆಧಾರ. ದೂರದ ಓಟಕ್ಕೆ ಆಮ್ಲಜನಕದ ನೆರವಿನಿಂದ ನಿರಂತರವಾಗಿ ಉತ್ಪತ್ತಿಯಾಗುವ ಶಕ್ತಿಯೇ ಆಧಾರ. 100 ಮೀಟರ್ ಓಟಗಾರನಿಗೂ 10,000 ಮೀಟರ್ ಓಟಗಾರನಿಗೂ ಒಂದೇ ಬಗೆಯ ಅಭ್ಯಾಸ ನೀಡಲಾಗದು ಎಂಬುದು ಇದರಿಂದ ತಿಳಿಯುತ್ತದೆ. ವರ್ಷವನ್ನು ಸಿದ್ಧತೆ, ಸ್ಪರ್ಧೆ ಹಾಗೂ ವಿರಾಮದ ಅವಧಿಗಳಾಗಿ ವಿಂಗಡಿಸಿ ಯೋಜನೆ ರೂಪಿಸುವ ಕ್ರಮವನ್ನು ವಿದ್ಯಾರ್ಥಿಗಳಿಗೆ ಕಲಿಸಲಾಗುತ್ತದೆ.

ಸುರಕ್ಷತೆ: ಕಾಲು ಉಳುಕಿದಾಗ ಮಾಡಬೇಕಾದ ಪ್ರಥಮ ಚಿಕಿತ್ಸೆ, ತಲೆಗೆ ಪೆಟ್ಟಾದ ಆಟಗಾರನನ್ನು ಅದೇ ದಿನ ಆಟಕ್ಕೆ ಮರಳಿಸದಿರುವುದು, ಬಿಸಿಲಿನಲ್ಲಿ ಕುಸಿದ ವಿದ್ಯಾರ್ಥಿಯ ದೇಹವನ್ನು ಕೂಡಲೇ ತಂಪುಗೊಳಿಸಿ ಆಸ್ಪತ್ರೆಗೆ ಸಾಗಿಸುವುದು ಇವೆಲ್ಲ ಪ್ರತಿಯೊಬ್ಬ ಶಿಕ್ಷಕನೂ ತಿಳಿದಿರಲೇಬೇಕಾದವು. ಗ್ರಾಮೀಣ ಶಾಲೆಗಳ ಮೈದಾನದಲ್ಲಿ ವೈದ್ಯರು ಇರುವುದಿಲ್ಲ. ಅಲ್ಲಿ ಮೊದಲು ತಲುಪುವವರು ದೈಹಿಕ ಶಿಕ್ಷಣ ಶಿಕ್ಷಕರೇ.

ಕಾನೂನಿನ ಅರಿವು: ನಿಷೇಧಿತ ಮದ್ದುಗಳ ಬಳಕೆಯನ್ನು ತಡೆಯಲು 2022ರಲ್ಲಿ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಅಧಿನಿಯಮವನ್ನು ಅಂಗೀಕರಿಸಲಾಯಿತು. ತನ್ನ ದೇಹದಲ್ಲಿ ಪತ್ತೆಯಾದ ನಿಷೇಧಿತ ವಸ್ತುವಿಗೆ ಕ್ರೀಡಾಪಟುವೇ ಹೊಣೆಯಾಗುತ್ತಾನೆ. ಅದನ್ನು ನೀಡಿದ ತರಬೇತುದಾರನೂ ಶಿಕ್ಷೆಗೆ ಗುರಿಯಾಗುತ್ತಾನೆ. ಅದೇ ರೀತಿ, ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಿಳಿದುಬಂದಲ್ಲಿ ವರದಿ ಮಾಡುವುದು 2012ರ ಪೋಕ್ಸೊ ಅಧಿನಿಯಮದನ್ವಯ ಕಡ್ಡಾಯ ಕರ್ತವ್ಯವಾಗಿದೆ.

6. ಅಮೆರಿಕದ ‘ಅಥ್ಲೆಟಿಕ್ ಟ್ರೇನಿಂಗ್’ ಪದವಿ

ವಿದೇಶ ವ್ಯಾಸಂಗದ ಆಕಾಂಕ್ಷಿಗಳು ಈ ಹೆಸರಿನ ಬಗ್ಗೆ ಎಚ್ಚರ ವಹಿಸಬೇಕು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ‘ಅಥ್ಲೆಟಿಕ್ ಟ್ರೇನರ್’ ಎಂದರೆ ಓಟ, ಜಿಗಿತ ಕಲಿಸುವ ತರಬೇತುದಾರನಲ್ಲ; ವೈದ್ಯರ ಸಹಯೋಗದಲ್ಲಿ ಗಾಯಗಳನ್ನು ತಡೆಯುವ, ಗುರುತಿಸುವ ಹಾಗೂ ಚಿಕಿತ್ಸೆ ನೀಡುವ ಆರೋಗ್ಯ ವೃತ್ತಿಪರ. ಈ ವೃತ್ತಿಯವರ ರಾಷ್ಟ್ರೀಯ ಸಂಘಟನೆಯು 1950ರಲ್ಲಿ ಸ್ಥಾಪನೆಯಾಯಿತು. ಅಮೆರಿಕದ ವೈದ್ಯಕೀಯ ಸಂಘವು 1990ರಲ್ಲಿ ಇದನ್ನು ಆರೋಗ್ಯ ವೃತ್ತಿಯೆಂದು ಅಂಗೀಕರಿಸಿತು.

ಹಿಂದೆ ಸ್ನಾತಕ ಪದವಿಯಿಂದಲೇ ಈ ವೃತ್ತಿಗೆ ಪ್ರವೇಶವಿತ್ತು. 2015ರಲ್ಲಿ ಕೈಗೊಂಡ ನಿರ್ಧಾರದಂತೆ ಇದನ್ನು ಸ್ನಾತಕೋತ್ತರ ಮಟ್ಟಕ್ಕೆ ಏರಿಸಲಾಗಿದ್ದು, 2022ರ ನಂತರ ವೃತ್ತಿಪ್ರವೇಶದ ಸ್ನಾತಕ ಕ್ರಮಗಳಿಗೆ ಹೊಸ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವುದು ನಿಂತಿದೆ. ಸ್ನಾತಕೋತ್ತರ ಪ್ರವೇಶಕ್ಕೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಮನೋವಿಜ್ಞಾನ, ಅಂಗರಚನೆ ಹಾಗೂ ಶರೀರಕ್ರಿಯಾಶಾಸ್ತ್ರದ ಪೂರ್ವ ವ್ಯಾಸಂಗ ಅಗತ್ಯ. ಆದ್ದರಿಂದ ಕಲೆ ಅಥವಾ ವಾಣಿಜ್ಯ ಪದವಿಯ ನಂತರ ಬಿ.ಪಿ.ಎಡ್. ಮಾಡಿದ ಅಭ್ಯರ್ಥಿಗೆ ನೇರ ಪ್ರವೇಶ ಕಷ್ಟಸಾಧ್ಯ. ಪದವಿಯ ಬಳಿಕ ಪ್ರಮಾಣೀಕರಣ ಪರೀಕ್ಷೆ ಹಾಗೂ ಬಹುತೇಕ ರಾಜ್ಯಗಳಲ್ಲಿ ಸರ್ಕಾರಿ ಅನುಮತಿಯನ್ನೂ ಪಡೆಯಬೇಕಾಗುತ್ತದೆ.

ಇದೇ ಬಗೆಯ ಕೆಲಸವನ್ನು ಭಾರತದಲ್ಲಿ ಕೈಗೊಳ್ಳಬಯಸುವವರು ಪಿ.ಯು.ಸಿ.ಯಲ್ಲಿ ವಿಜ್ಞಾನ ಅಭ್ಯಸಿಸಿ ಭೌತಚಿಕಿತ್ಸೆಯ ಪದವಿಗೆ ಸೇರಿ, ನಂತರ ಕ್ರೀಡಾ ಭೌತಚಿಕಿತ್ಸೆಯಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುವುದು ಸರಿಯಾದ ಮಾರ್ಗ. ಈ ವೃತ್ತಿಯು 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ಆಯೋಗ ಅಧಿನಿಯಮದ ವ್ಯಾಪ್ತಿಗೆ ಬರುತ್ತದೆ.

7. ಉದ್ಯೋಗ ಹಾಗೂ ನಿಗದಿತ ವಿದ್ಯಾರ್ಹತೆ

• ಪ್ರಾಥಮಿಕ ಶಾಲೆ: ಸಾಮಾನ್ಯವಾಗಿ ಪಿ.ಯು.ಸಿ. ಜೊತೆಗೆ ಡಿ.ಪಿ.ಎಡ್.
• ಪ್ರೌಢಶಾಲೆ: ಪದವಿ ಹಾಗೂ ಬಿ.ಪಿ.ಎಡ್.
• ಕಾಲೇಜು ಮತ್ತು ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ನಿರ್ದೇಶಕರು: ಯು.ಜಿ.ಸಿ.ಯ 2018ರ ನಿಯಮಾವಳಿಯಂತೆ ಶೇ. 55 ಅಂಕಗಳೊಂದಿಗೆ ಸ್ನಾತಕೋತ್ತರ ಪದವಿ, ರಾಷ್ಟ್ರೀಯ ಅಥವಾ ರಾಜ್ಯ ಅರ್ಹತಾ ಪರೀಕ್ಷೆ ಅಥವಾ ನಿಯಮಾನುಸಾರ ಪಡೆದ ಪಿಎಚ್.ಡಿ., ಕ್ರೀಡಾ ಸಾಧನೆಯ ದಾಖಲೆ ಮತ್ತು ದೈಹಿಕ ದಕ್ಷತಾ ಪರೀಕ್ಷೆ. ಈ ಪರೀಕ್ಷೆಯಲ್ಲಿ 30 ವರ್ಷದವರೆಗಿನ ಪುರುಷರು 12 ನಿಮಿಷಗಳಲ್ಲಿ 1800 ಮೀಟರ್, ಮಹಿಳೆಯರು 8 ನಿಮಿಷಗಳಲ್ಲಿ 1000 ಮೀಟರ್ ಕ್ರಮಿಸಬೇಕು.
• ತರಬೇತುದಾರರು: ಸಂಬಂಧಿಸಿದ ಕ್ರೀಡೆಯಲ್ಲಿ ತರಬೇತಿ ಡಿಪ್ಲೊಮಾ ಹಾಗೂ ಕ್ರೀಡಾ ಸಾಧನೆಗೆ ಪ್ರಾಧಾನ್ಯ.

ಅಂತಿಮವಾಗಿ ಅನ್ವಯವಾಗುವುದು ಆಯಾ ಇಲಾಖೆಯ ವೃಂದ ಮತ್ತು ನೇಮಕಾತಿ ನಿಯಮಗಳು ಹಾಗೂ ನೇಮಕಾತಿ ಅಧಿಸೂಚನೆ. ಹುದ್ದೆಯ ಹಿಂದಿನ ಅಧಿಸೂಚನೆಯೊಂದನ್ನು ಪಡೆದು, ಅದರಲ್ಲಿನ ವಿದ್ಯಾರ್ಹತೆಯ ಕಾಲಂ ಓದಿದ ನಂತರವೇ ವ್ಯಾಸಂಗಕ್ಕೆ ಸೇರುವುದು ವಿವೇಕಯುತ.

8. ಸಿದ್ಧವಾಗಿರಿಸಿಕೊಳ್ಳಬೇಕಾದ ದಾಖಲೆಗಳು

ಅಂಕಪಟ್ಟಿಗಳು, ವರ್ಗಾವಣೆ ಪ್ರಮಾಣಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ವೈದ್ಯಕೀಯ ಪ್ರಮಾಣಪತ್ರ, ಭಾವಚಿತ್ರ ಹಾಗೂ ಕ್ರೀಡಾ ಪ್ರಮಾಣಪತ್ರಗಳ ಮೂಲಪ್ರತಿ ಮತ್ತು ದೃಢೀಕೃತ ನಕಲುಗಳು ಅಗತ್ಯವಾಗುತ್ತವೆ. ಕ್ರೀಡಾ ಪ್ರಮಾಣಪತ್ರದಲ್ಲಿ ಸ್ಪರ್ಧೆಯ ಹೆಸರು, ಮಟ್ಟ, ದಿನಾಂಕ, ಪಡೆದ ಸ್ಥಾನ, ಸಕ್ಷಮ ಪ್ರಾಧಿಕಾರಿಯ ಸಹಿ ಮತ್ತು ಮೊಹರು ಇರತಕ್ಕದ್ದು. ಕೂಟ ಮುಗಿದ ದಿನವೇ ಪ್ರಮಾಣಪತ್ರದಲ್ಲಿನ ಹೆಸರನ್ನು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಹೆಸರಿನೊಡನೆ ಹೋಲಿಸಿ ನೋಡಿಕೊಂಡರೆ, ವರ್ಷಗಳ ನಂತರ ತಿದ್ದುಪಡಿಗಾಗಿ ಅಲೆಯುವುದು ತಪ್ಪುತ್ತದೆ.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬಿ.ಪಿ.ಇ.ಎಸ್. ಪದವಿ ಪಡೆದವರು ಪ್ರೌಢಶಾಲಾ ಶಿಕ್ಷಕರ ಹುದ್ದೆಗೆ ಅರ್ಜಿ ಸಲ್ಲಿಸಬಹುದೇ?
ಉತ್ತರ: ಸದರಿ ಪದವಿಯ ನಂತರ ಬಿ.ಪಿ.ಎಡ್. ಪೂರೈಸಬೇಕಾಗುತ್ತದೆ.

ಪ್ರಶ್ನೆ: ಎನ್.ಐ.ಎಸ್. ಡಿಪ್ಲೊಮಾ ಇದ್ದರೆ ಬಿ.ಪಿ.ಎಡ್. ಬೇಕಿಲ್ಲವೇ?
ಉತ್ತರ: ತರಬೇತುದಾರರ ಹುದ್ದೆಗೆ ಡಿಪ್ಲೊಮಾ, ಶಿಕ್ಷಕರ ಹುದ್ದೆಗೆ ಬಿ.ಪಿ.ಎಡ್. ಅಗತ್ಯ. ಒಂದು ಇನ್ನೊಂದಕ್ಕೆ ಪರ್ಯಾಯವಲ್ಲ.

ಪ್ರಶ್ನೆ: ಕ್ರೀಡೆಯಲ್ಲಿ ಪದಕ ಗಳಿಸದವರು ಈ ವ್ಯಾಸಂಗ ಮಾಡಬಹುದೇ?
ಉತ್ತರ: ಮಾಡಬಹುದು. ಬಿ.ಪಿ.ಎಡ್.ಗೆ ನಿಗದಿತ ಮಟ್ಟದಲ್ಲಿ ಭಾಗವಹಿಸಿದ್ದರೆ ಸಾಕು. ಉತ್ತಮ ಶಿಕ್ಷಕನಾಗಲು ಪದಕಕ್ಕಿಂತ ತಾಳ್ಮೆ ಹಾಗೂ ಶಿಸ್ತು ಹೆಚ್ಚು ಅಗತ್ಯ.

ಪ್ರಶ್ನೆ: ಮೂಲ ಪ್ರಮಾಣಪತ್ರಗಳನ್ನು ಕಾಲೇಜಿನಲ್ಲಿ ಬಿಡಬೇಕೆಂದು ಸೂಚಿಸಿದರೆ ಏನು ಮಾಡಬೇಕು?
ಉತ್ತರ: ಪರಿಶೀಲನೆಗೆ ಹಾಜರುಪಡಿಸಿ, ಬಳಿಕ ಹಿಂಪಡೆಯತಕ್ಕದ್ದು. ಯಾವುದೇ ದಾಖಲೆ ಅಥವಾ ಹಣ ನೀಡಿದಲ್ಲಿ ಸ್ವೀಕೃತಿ ಪಡೆಯಲು ಮರೆಯಬಾರದು.

ಸಾರ್ವಜನಿಕರ ಗಮನಕ್ಕೆ

ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುತ್ತವೆ. ಅರ್ಜಿ ಸಲ್ಲಿಸುವ ವರ್ಷದಲ್ಲಿ ಜಾರಿಯಲ್ಲಿರುವ ನಿಯಮವನ್ನು ಸಂಬಂಧಿಸಿದ ವಿಶ್ವವಿದ್ಯಾಲಯದ ಕುಲಸಚಿವರ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು. ಕ್ರೀಡಾ ಪ್ರಮಾಣಪತ್ರ ಹಾಗೂ ಕ್ರೀಡಾ ಸೌಲಭ್ಯಗಳ ಕುರಿತು ಆಯಾ ಜಿಲ್ಲೆಯ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು. ಮಧ್ಯವರ್ತಿಗಳನ್ನು ಆಶ್ರಯಿಸದೆ, ಮಾನ್ಯತಾ ಆದೇಶದ ಪ್ರತಿಯನ್ನು ಕೇಳಿ ಪಡೆದು, ಓದಿ, ನಂತರವೇ ಶುಲ್ಕ ಪಾವತಿಸುವಂತೆ ಅಭ್ಯರ್ಥಿಗಳು ಹಾಗೂ ಪೋಷಕರನ್ನು ಕೋರಲಾಗಿದೆ.